ಹಚ್ಚಿದ ಗಾಡಿ ಹುಡುಕುವ ಆ್ಯಪ್: ನಕ್ಷೆಗಿಂತ ಮೊದಲು ಓಣಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ಖರೀದಿ ಮುಗಿಸಿ, ಎರಡೂ ಕೈಯಲ್ಲಿ ಚೀಲ ಹಿಡಿದು, ‘ಗಾಡಿ ಎಲ್ಲಿ ಹಚ್ಚೇವಿ (ನಿಲ್ಲಿಸಿದ್ದೇವೆ)?’ ಎಂದು ಓಣಿಯಿಂದ ಓಣಿಗೆ ತಿರುಗುವವರು ದಿನವೂ ಕಾಣಸಿಗುತ್ತಾರೆ. ದೀಪಾವಳಿ, ಗಣೇಶ ಚವತಿ ಬಂತೆಂದರೆ ಕೇಳುವುದೇ ಬೇಡ. ಹಚ್ಚಿದ ಗಾಡಿ ಹುಡುಕಿಕೊಡುವ ಮೊಬೈಲ್ ಆ್ಯಪ್ ನಮ್ಮ ಅವಳಿನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದಂಥ ಪ್ರಾಜೆಕ್ಟ್. ಆದರೆ ಇದಕ್ಕೆ ಕೈಹಾಕುವವರು ಸಾಮಾನ್ಯವಾಗಿ ನಕ್ಷೆಯಿಂದಲೇ ಶುರು ಮಾಡುತ್ತಾರೆ. ಒಂದು ಬಟನ್, ಒಂದು ಕೆಂಪು ಗುರುತು, ಕೆಲಸ ಮುಗೀತು. ನೆಹರೂ ಮೈದಾನದಂಥ ಬಯಲಿನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ, ಬ್ರಾಡ್‌ವೇಯ ಹಿಂದಿನ ಓಣಿಗಳಲ್ಲಿ ಕೈಕೊಡುತ್ತದೆ. ಗಾಡಿ ಬಿಟ್ಟು ಇಳಿಯುವ ಗಳಿಗೆ ಮತ್ತು ಮರಳಿ ಬರುವಾಗಿನ ಕೊನೆಯ ಮೂವತ್ತು ಹೆಜ್ಜೆ, ಇವೆರಡೇ ಈ ಆ್ಯಪ್‌ನ ಜೀವ. ಮೊಬೈಲ್ ತಂತ್ರಾಂಶ ಬರೆಯುವ ನಾವು ಕೆಲವರು ಸೇರಿ ಈ ಬಗ್ಗೆ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಗಾಡಿ ಹಚ್ಚುವವರ ಕಣ್ಣು ಸಿಕ್ಕ ಜಾಗದ ಮೇಲಿರುತ್ತದೆ, ಕಿವಿ ಹಿಂದಿನ ಆಟೊದ ಹಾರ್ನ್ ಮೇಲಿರುತ್ತದೆ. ಅಂಥ ಹೊತ್ತಿನಲ್ಲಿ ಕಿಸೆಯಿಂದ ಫೋನ್ ತೆಗೆದು ಬಟನ್ ಒತ್ತುವವರು ಎಷ್ಟು ಮಂದಿ? ಹಾಗಾಗಿ ಗಾಡಿ ನಿಂತದ್ದನ್ನು ಆ್ಯಪ್ ತಾನೇ ತಿಳಿದುಕೊಳ್ಳಬೇಕು. ಕಾರಿನಲ್ಲಿ ಇದು ಸಲೀಸು. ಫೋನ್ ಕಾರಿನ ಬ್ಲೂಟೂತ್‌ಗೆ ಜೋಡಿಯಾಗಿದ್ದರೆ, ಗಾಡಿ ಬಂದ್ ಮಾಡಿ ಇಳಿದಾಗ ಜೋಡಣೆ ಕಡಿಯುತ್ತದೆ. ಅದೇ ಸೂಚನೆ. ಐಫೋನಿನ ನಕ್ಷೆ 2016ರಿಂದ ಹೀಗೆಯೇ ಸ್ಥಳ ಉಳಿಸಿಕೊಳ್ಳುತ್ತಿದೆ. ಆದರೆ ಪೆಟ್ರೋಲ್ ಬಂಕಿನಲ್ಲಿ, ರೈಲ್ವೆ ಗೇಟಿನಲ್ಲಿ ಗಾಡಿ ಬಂದ್ ಮಾಡಿದರೂ ಜೋಡಣೆ ಕಡಿಯಬಹುದು. ಆದ್ದರಿಂದ ಕಡಿದ ಕೂಡಲೇ ಸ್ಥಳವನ್ನು ತಾತ್ಕಾಲಿಕವಾಗಿ ಬರೆದಿಟ್ಟು, ಮೂರು ನಿಮಿಷದೊಳಗೆ ಮತ್ತೆ ಜೋಡಿಯಾದರೆ ಅದನ್ನು ಅಳಿಸಬೇಕು.

ನಮ್ಮೂರಿನ ನಿಜವಾದ ಸವಾಲು ಬೈಕ್, ಸ್ಕೂಟರ್‌ಗಳದು. ಹೆಚ್ಚಿನವಕ್ಕೆ ಬ್ಲೂಟೂತ್ ಇಲ್ಲ. ಅಲ್ಲಿ ಫೋನಿನ ಚಲನೆಯ ಸೆನ್ಸರ್‌ಗಳನ್ನೇ ನಂಬಬೇಕು. ‘ವಾಹನದಲ್ಲಿದ್ದರು, ಈಗ ನಡೆಯುತ್ತಿದ್ದಾರೆ’ ಎಂದು ಹೇಳುವ ಸೌಲಭ್ಯ ಆಂಡ್ರಾಯ್ಡ್‌ನಲ್ಲಿ ಇದೆ. ತೊಂದರೆಯೆಂದರೆ ಆ ಸುದ್ದಿ ತಡವಾಗಿ ಬರುತ್ತದೆ, ಒಮ್ಮೊಮ್ಮೆ ಎರಡು ನಿಮಿಷ. ಮನುಷ್ಯ ಸಾಧಾರಣವಾಗಿ ನಿಮಿಷಕ್ಕೆ 80 ಮೀಟರ್ ನಡೆಯುತ್ತಾನೆ. ಸುದ್ದಿ ಬಂದಾಗಿನ ಸ್ಥಳವನ್ನೇ ಉಳಿಸಿದರೆ ಉಳಿಯುವುದು ಅವನು ಹೊಕ್ಕ ಅಂಗಡಿಯ ವಿಳಾಸ, ಗಾಡಿಯದಲ್ಲ. ಹಾಗಾಗಿ ಗಾಡಿ ಓಡುತ್ತಿರುವಷ್ಟು ಹೊತ್ತು ಹತ್ತು ಸೆಕೆಂಡಿಗೊಮ್ಮೆ ಸ್ಥಳ ಮತ್ತು ವೇಗವನ್ನು ಸಣ್ಣ ಪಟ್ಟಿಯಲ್ಲಿ ಬರೆದುಕೊಳ್ಳುತ್ತಿರಬೇಕು. ‘ನಡೆಯುತ್ತಿದ್ದಾರೆ’ ಎಂಬ ಸುದ್ದಿ ಬಂದಾಗ ಆ ಪಟ್ಟಿಯಲ್ಲಿ ಹಿಂದಕ್ಕೆ ಹೋಗಿ, ವೇಗ ಸೊನ್ನೆಗಿಳಿದ ಜಾಗವನ್ನು ಹೆಕ್ಕಬೇಕು.

ಇಲ್ಲೊಂದು ನಮ್ಮೂರಿನದೇ ಗಂಟು ಇದೆ. ನವನಗರದಲ್ಲಿ ಸ್ಕೂಟರ್ ಹಚ್ಚಿ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗುವವರನ್ನು ನೆನೆಸಿಕೊಳ್ಳಿ. ಜುಬಿಲಿ ಸರ್ಕಲ್‌ನಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟರೆ, ಆ್ಯಪ್‌ನ ಪಾಲಿಗೆ ಅದೂ ‘ವಾಹನದಿಂದ ಇಳಿದು ನಡೆದರು’ ಎಂಬುದೇ. ಅದು ನವನಗರದ ಗುರುತನ್ನು ಅಳಿಸಿ ಜುಬಿಲಿ ಸರ್ಕಲ್‌ನದನ್ನು ಬರೆದುಬಿಡುತ್ತದೆ. ಆಟೊ ಹತ್ತಿದರೂ ಇದೇ ಪಾಡು. ಇದಕ್ಕೆ ಎರಡು ಕಟ್ಟಳೆ ಬೇಕು. ಒಂದು, ಹಳೆಯ ಗುರುತಿನ ಮೇಲೆ ಹೊಸದನ್ನು ಸದ್ದಿಲ್ಲದೆ ಬರೆಯಕೂಡದು. ಕೊನೆಯ ಐದು ಜಾಗಗಳಾದರೂ ಪಟ್ಟಿಯಲ್ಲಿ ಉಳಿದಿರಲಿ. ಎರಡು, ಚಿಗರಿ ಬಸ್ ನಿಲ್ಲುವ ಬಿಆರ್‌ಟಿಎಸ್ ನಿಲ್ದಾಣಗಳು ಬಹುಮಟ್ಟಿಗೆ ರಸ್ತೆಯ ನಡುವೆಯೇ ಇವೆ, ಅಲ್ಲಿ ಯಾರೂ ಗಾಡಿ ಹಚ್ಚುವುದಿಲ್ಲ. ನಿಲ್ದಾಣಗಳ ಸ್ಥಳಗಳನ್ನು ಮೊದಲೇ ಆ್ಯಪ್‌ನಲ್ಲಿ ತುಂಬಿಟ್ಟು, ಪ್ರಯಾಣ ಅಲ್ಲಿ ಮುಗಿದರೆ ಅದನ್ನು ಗಾಡಿ ಹಚ್ಚಿದ ಲೆಕ್ಕಕ್ಕೆ ಹಿಡಿಯಬಾರದು. ಇಂಥದ್ದನ್ನು ಬೇರೆ ಊರಿನಲ್ಲಿ ಕುಳಿತು ಆ್ಯಪ್ ಬರೆಯುವವರು ಮಾಡಿಕೊಡಲಾರರು. ಈ ಕೆಲಸ ನಮ್ಮ ಹುಡುಗ ಹುಡುಗಿಯರ ಕೈಯಿಂದಲೇ ಆಗಲಿ ಎಂಬ ನಮ್ಮ ಆಸೆಗೆ ಇದೇ ಕಾರಣ.

ಇನ್ನು ನಿಖರತೆಯ ಮಾತು. ತೆರೆದ ಆಕಾಶದ ಕೆಳಗೆ ಫೋನಿನ ಜಿಪಿಎಸ್ ಸುಮಾರು 5 ಮೀಟರಿನೊಳಗೆ ಸ್ಥಳ ಹೇಳುತ್ತದೆ. ಎರಡೂ ಬದಿಗೆ ಮೂರಂತಸ್ತಿನ ಕಟ್ಟಡ, ಮೇಲೆ ತಗಡಿನ ಚಾವಣಿ ಇರುವ ಓಣಿಯಲ್ಲಿ ಉಪಗ್ರಹದ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಗುರುತು 20-30 ಮೀಟರ್ ಸರಿದು ಪಕ್ಕದ ಓಣಿಗೆ ಬೀಳುತ್ತದೆ. ಹತ್ತು ಸಲ ಅಳೆದು ಸರಾಸರಿ ತೆಗೆದರೆ ಸರಿಹೋಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹೋಗುವುದಿಲ್ಲ. ಗೋಡೆ ಇದ್ದಲ್ಲೇ ಇರುವುದರಿಂದ ಹತ್ತು ಅಳತೆಗಳೂ ಒಂದೇ ಕಡೆಗೆ ವಾಲುತ್ತವೆ. ಉಪಗ್ರಹ ಕಳಿಸುವ ಎಲ್1 ಮತ್ತು ಎಲ್5 ಎಂಬ ಎರಡೂ ತರಂಗ ಹಿಡಿಯುವ ಫೋನುಗಳಲ್ಲಿ ಈ ದೋಷ ತಗ್ಗುತ್ತದೆ, ಆದರೆ ಅಗ್ಗದ ಫೋನುಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆಂಡ್ರಾಯ್ಡ್ ಪ್ರತಿ ಅಳತೆಯ ಜೊತೆ ‘ಇಷ್ಟು ಮೀಟರ್ ಆಚೀಚೆ’ ಎಂಬ ಅಂಕಿಯನ್ನೂ ಕೊಡುತ್ತದೆ. ಅದು ನೂರಕ್ಕೆ 68ರಷ್ಟು ಮಾತ್ರ ಭರವಸೆಯ ಅಂಕಿ. ಅಂದರೆ ಮೂರರಲ್ಲಿ ಒಂದು ಸಲ ಗಾಡಿ ಆ ವೃತ್ತದ ಹೊರಗೇ ಇರಬಹುದು. ನಕ್ಷೆಯ ಮೇಲೆ ಚೂಪಾದ ಗುರುತು ತೋರಿಸುವುದು ಸುಳ್ಳು ಹೇಳಿದ ಹಾಗೆ. ವೃತ್ತವನ್ನೇ ಬರೆಯಿರಿ, ಆ ಅಂಕಿ 20 ಮೀಟರ್ ದಾಟಿದರೆ, ‘ಒಂದು ಫೋಟೊ ತೆಗೆದುಕೊಳ್ಳಿ’ ಎಂದು ಕೇಳಿ.

ಈ ಫೋಟೊದಲ್ಲೂ ಜಾಣ್ಮೆ ಬೇಕು. ಜನ ತಮ್ಮ ಗಾಡಿಯದೇ ಫೋಟೊ ತೆಗೆಯುತ್ತಾರೆ, ಅದರಿಂದ ಏನೂ ಉಪಯೋಗವಿಲ್ಲ. ಗಾಡಿಗೆ ಬೆನ್ನು ಮಾಡಿ ಎದುರಿಗೆ ಕಾಣುವುದನ್ನು ತೆಗೆಯಿರಿ ಎಂದು ಪರದೆಯ ಮೇಲೆ ಸ್ಪಷ್ಟವಾಗಿ ಬರೆದಿರಬೇಕು. ಅಂಗಡಿಯ ಬೋರ್ಡು ಒಳ್ಳೆಯ ಗುರುತು. ಷಟರ್ ಒಳ್ಳೆಯದಲ್ಲ: ಸಂಜೆ ಏಳಕ್ಕೆ ಸೀರೆ ತೂಗುಹಾಕಿದ್ದ ಅಂಗಡಿ ಒಂಬತ್ತೂವರೆಗೆ ಬೂದು ತಗಡಾಗಿರುತ್ತದೆ, ಸಾಲಿನ ಇಪ್ಪತ್ತೂ ಹಾಗೆಯೇ. ಎಳನೀರಿನ ಗಾಡಿ, ಗಿರಮಿಟ್ ಗಾಡಿ ಸುತರಾಂ ಬೇಡ, ಅವು ಜಾಗ ಬದಲಿಸುತ್ತವೆ. ಗುಡಿಯ ಶಿಖರ, ಟ್ರಾನ್ಸ್‌ಫಾರ್ಮರ್, ಬೇವಿನ ಗಿಡ ಎಲ್ಲಿಗೂ ಹೋಗುವುದಿಲ್ಲ. ಫೋಟೊ ಬೇಡವೆನ್ನುವ ಹಿರಿಯರಿಗೆ ಹತ್ತು ಸೆಕೆಂಡಿನ ಧ್ವನಿಮುದ್ರಣ ಸಾಕು. ‘ಗುಡಿ ಹಿಂದ, ಬೇವಿನ ಗಿಡದ ಬಾಜೂಕ’ ಎಂದು ಅವರದೇ ದನಿಯಲ್ಲಿ ಮರಳಿ ಕೇಳಿದರೆ ಬೇರಾವ ಬಾಣದ ಗುರುತೂ ಬೇಕಾಗುವುದಿಲ್ಲ. ಇದನ್ನು ಅಕ್ಷರಕ್ಕೆ ಇಳಿಸುವ ಗೋಜಿಗೆ ಹೋಗಬೇಡಿ. ಕೇಳಿಸಿದರೆ ಆಯಿತು.

ಮಾಲ್, ಆಸ್ಪತ್ರೆಗಳ ನೆಲಮಾಳಿಗೆಯಲ್ಲಿ ಜಿಪಿಎಸ್ ಸಿಗುವುದಿಲ್ಲ. ಇಳಿಜಾರಿನ ಬಾಯಲ್ಲಿ ಸಿಕ್ಕ ಕೊನೆಯ ಒಳ್ಳೆಯ ಅಳತೆಯನ್ನು ‘ಪ್ರವೇಶ’ ಎಂದು ಉಳಿಸಿ, ಒಳಗೆ ಬರುವ ಕೆಟ್ಟ ಅಳತೆಗಳಿಂದ ಅದನ್ನು ಕೆಡಿಸಬೇಡಿ. ಯಾವ ಮಹಡಿ ಎಂಬುದನ್ನು ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದ್ದ ಫೋನ್ ಹೇಳಬಲ್ಲದು. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ನಮ್ಮೂರಿನಲ್ಲಿ ಒತ್ತಡದ 1 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ) ವ್ಯತ್ಯಾಸಕ್ಕೆ ಸುಮಾರು 9 ಮೀಟರ್ ಎತ್ತರದ ವ್ಯತ್ಯಾಸ. 3 ಮೀಟರಿನ ಒಂದು ಮಹಡಿ ಇಳಿದರೆ ಒತ್ತಡ 0.33ರಷ್ಟು ಏರುತ್ತದೆ. ಸೆನ್ಸರ್ ಇದನ್ನು ಹಿಡಿಯುತ್ತದೆ. ಆದರೆ ಹವೆಯ ಒತ್ತಡ ಬೆಳಗಿನಿಂದ ಮಧ್ಯಾಹ್ನಕ್ಕೇ ಎರಡು-ಮೂರು ಹೆಕ್ಟೊಪಾಸ್ಕಲ್ ಇಳಿಯುತ್ತದೆ, ಆರರಿಂದ ಒಂಬತ್ತು ಮಹಡಿಯಷ್ಟು! ಮೂರು ತಾಸು ಬಿಟ್ಟು ಬಂದು ಹಳೆಯ ಅಂಕಿಯೊಡನೆ ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. ಇಳಿಜಾರು ಹೊಕ್ಕಾಗಿನ ಒತ್ತಡಕ್ಕೂ ಗಾಡಿ ನಿಂತಾಗಿನ ಒತ್ತಡಕ್ಕೂ ಇರುವ ಅಂತರವನ್ನು ಆ ಕ್ಷಣದಲ್ಲೇ ಮಹಡಿಯ ಸಂಖ್ಯೆಗೆ ತಿರುಗಿಸಿ, ಸಂಖ್ಯೆಯನ್ನಷ್ಟೇ ಉಳಿಸಿಕೊಳ್ಳಬೇಕು.

ಹುಡುಕುವಾಗ ದಿಕ್ಸೂಚಿಯ ಬಾಣವನ್ನು ಕಣ್ಣುಮುಚ್ಚಿ ನಂಬಬೇಡಿ. ನಿಂತ ಕಾರುಗಳ ಕಬ್ಬಿಣ, ಕಾಂಕ್ರೀಟಿನೊಳಗಿನ ಸರಳು, ಫೋನಿನ ಕವರಿನ ಅಯಸ್ಕಾಂತ ಎಲ್ಲವೂ ಅದನ್ನು ಎಳೆದಾಡುತ್ತವೆ. ಬಯಲಿನಲ್ಲಿ ಹದಿನೈದು ಹೆಜ್ಜೆ ನಡೆದ ಮೇಲೆ ಚಲನೆಯಿಂದ ಸಿಗುವ ದಿಕ್ಕು ಹೆಚ್ಚು ನಂಬಿಗಸ್ತ. ಗಾಡಿ 25 ಮೀಟರಿನೊಳಗೆ ಬಂತೆಂದರೆ ಬಾಣವನ್ನು ತೆಗೆದು ಫೋಟೊವನ್ನು ಪರದೆಯ ತುಂಬ ತೋರಿಸಿ. ಅಲ್ಲಿಂದಾಚೆಗೆ ಮನುಷ್ಯನ ಕಣ್ಣೇ ಲೇಸು. ದಾರಿಯನ್ನು ನಡಿಗೆಯ ಲೆಕ್ಕದಲ್ಲಿ ಕೇಳುವುದನ್ನೂ ಮರೆಯಬೇಡಿ. ವಾಹನದ ಲೆಕ್ಕದಲ್ಲಿ ಕೇಳಿದರೆ ಏಕಮುಖ ರಸ್ತೆಗಳನ್ನೆಲ್ಲ ಸುತ್ತಿಸಿ ತರುತ್ತದೆ.

ಅನುಮತಿಗಳ ವಿಷಯದಲ್ಲಿ ಹಲವು ಪ್ರಾಜೆಕ್ಟುಗಳು ಮುಗ್ಗರಿಸುತ್ತವೆ. ಆಂಡ್ರಾಯ್ಡ್ 10ರಿಂದ, ಪರದೆ ಮುಚ್ಚಿದ್ದಾಗಲೂ ಸ್ಥಳ ಓದಲು ಬೇರೆಯೇ ಅನುಮತಿ ಬೇಕು. ಆಂಡ್ರಾಯ್ಡ್ 12ರಿಂದ ಬಳಕೆದಾರರು ‘ಅಂದಾಜು ಸ್ಥಳ’ ಮಾತ್ರ ಕೊಡಬಹುದು. ಅದು ಸುಮಾರು 3 ಚದರ ಕಿಲೋಮೀಟರಿನಷ್ಟು ಒರಟು, ಹಳೆಯ ಪೇಟೆಯೆಲ್ಲ ಅದರೊಳಗೇ ಮುಳುಗಿಹೋಗುತ್ತದೆ. ಇದಲ್ಲದೆ ಬ್ಯಾಟರಿ ಉಳಿಸುವ ನೆಪದಲ್ಲಿ ಕೆಲವು ಫೋನುಗಳು ಹಿಂಬದಿಯ ಆ್ಯಪ್‌ಗಳನ್ನು ಕೊಂದೇಹಾಕುತ್ತವೆ. ಆದ್ದರಿಂದ ಸ್ವಯಂಚಾಲನೆ ಪೂರ್ತಿ ಕೆಟ್ಟರೂ ಒಂದೇ ಒತ್ತಿಗೆ ಸ್ಥಳ ಉಳಿಸುವ ಬಟನ್ ಹೋಮ್ ಸ್ಕ್ರೀನಿನ ಮೇಲೆ ಇರಲೇಬೇಕು. ಇಂಟರ್‌ನೆಟ್ ಇಲ್ಲದೆಯೂ ಅದು ನಡೆಯಬೇಕು. ಶಿವರಾತ್ರಿ ಹೊತ್ತಿಗೆ ಸಿದ್ಧಾರೂಢ ಮಠದ ಜಾತ್ರೆಯ ಗದ್ದಲದಲ್ಲಿ ನೆಟ್‌ವರ್ಕ್ ನೆಚ್ಚಿ ಕೂರಲಾಗದು. ಜಿಪಿಎಸ್‌ಗೆ ನೆಟ್ ಬೇಡ, ಆದರೆ ನೆಟ್ ಇಲ್ಲದಾಗ ಮೊದಲ ಅಳತೆಗೆ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಆವರೆಗೆ ‘ಸ್ವಲ್ಪ ತಡೆಯಿರಿ’ ಎಂದು ತೋರಿಸಿ, ಅವಸರಕ್ಕೆ ಕೆಟ್ಟ ಅಳತೆ ಉಳಿಸಬೇಡಿ.

ಯಾರು ಎಲ್ಲಿ ಗಾಡಿ ಹಚ್ಚುತ್ತಾರೆಂಬುದು ಅವರ ಮನೆ, ದವಾಖಾನೆ, ಸಾಲ ಕೊಟ್ಟವರ ಬಾಗಿಲು ಎಲ್ಲವನ್ನೂ ಹೇಳಿಬಿಡುತ್ತದೆ. ಈ ಮಾಹಿತಿ ಫೋನ್ ಬಿಟ್ಟು ಹೊರಗೆ ಹೋಗಬಾರದು. ಸರ್ವರ್ ಬೇಕಾಗಿಯೇ ಇಲ್ಲ. ವಾರ ಕಳೆದದ್ದು ತಾನಾಗಿ ಅಳಿಯಲಿ. ಮನೆಯವರಿಗೆ ಕಳಿಸುವುದಿದ್ದರೆ ಅಕ್ಷಾಂಶ ರೇಖಾಂಶಗಳ ಐದು ದಶಾಂಶ ಸ್ಥಾನ ಸಾಕು, ಅದೇ ಹೆಚ್ಚುಕಡಿಮೆ 1 ಮೀಟರಿನಷ್ಟು ಸೂಕ್ಷ್ಮ.

ಪರೀಕ್ಷೆಯನ್ನು ಕಾಲೇಜಿನ ಆವರಣದಲ್ಲಿ ಮುಗಿಸಬೇಡಿ. ಬಯಲು, ಓಣಿ, ನೆಲಮಾಳಿಗೆ, ಬೈಪಾಸ್ ಬದಿ ಸೇರಿ 30 ಜಾಗ ಆರಿಸಿ. ಮೂರು ಬಗೆಯ ಫೋನು, ಅದರಲ್ಲೊಂದು ಹತ್ತು ಸಾವಿರ ರೂಪಾಯಿ ಒಳಗಿನದು. ಗಾಡಿ ಹಚ್ಚಿದವರು ಬೇರೆ, ಹುಡುಕುವವರು ಬೇರೆ ಇರಬೇಕು. ಎಷ್ಟು ಮೀಟರ್ ತಪ್ಪಿತು ಎಂಬುದಕ್ಕಿಂತ, 200 ಮೀಟರ್ ದೂರದಿಂದ ಹೊರಟ ಅಪರಿಚಿತರು ಎಷ್ಟು ನಿಮಿಷಕ್ಕೆ ಗಾಡಿಯ ಮೇಲೆ ಕೈ ಇಟ್ಟರು ಎಂದು ಬರೆದುಕೊಳ್ಳಿ.

ಮಹಾನಗರ ಪಾಲಿಕೆಗೂ, ಹಣ ಪಡೆದು ಗಾಡಿ ನಿಲ್ಲಿಸಿಕೊಳ್ಳುವ ಎಲ್ಲರಿಗೂ ಒಂದು ವಿನಂತಿ. ಒಂದು ಡಬ್ಬಿ ಬಣ್ಣ ಮಾಡುವ ಕೆಲಸವನ್ನು ಎಷ್ಟೋ ಸಲ ಸೆನ್ಸರ್‌ಗಳೂ ಮಾಡಲಾರವು. ಪ್ರತಿ ಕಂಬಕ್ಕೂ ಹಳದಿ ನೆಲದ ಮೇಲೆ ಕಪ್ಪಿನಲ್ಲಿ, ಒಂದಡಿ ಎತ್ತರದ ಅಕ್ಷರ ಮತ್ತು ಸಂಖ್ಯೆ ಬರೆಸಿ: ಅಕ್ಷರ ಮಹಡಿಗೆ, ಸಂಖ್ಯೆ ಸಾಲಿಗೆ. ಅದೇ ಸಂಖ್ಯೆಯನ್ನು ಚೀಟಿಯ ಮೇಲೂ ಬರೆದುಕೊಡಿ, ಫೋನ್ ಇಲ್ಲದವರಿಗೂ ಆಗುತ್ತದೆ. ಕ್ಯೂಆರ್ ಅಂಟಿಸುವುದಾದರೆ ಎದೆಯ ಮಟ್ಟದಲ್ಲಿ, 10 ಸೆಂಟಿಮೀಟರ್ ಅಗಲದ್ದು; ಒಂದು ಮೀಟರ್ ದೂರದಿಂದ ಓದಲು ಬರುತ್ತದೆ. ಅದರೊಳಗೆ ಜಾಗದ ಸಂಕೇತ ಮಾತ್ರ ಇರಲಿ, ವೆಬ್ ಲಿಂಕ್ ಬೇಡ. ಲಿಂಕ್ ತೆರೆಯುವ ರೂಢಿ ಬಿದ್ದರೆ ನಾಳೆ ಮೋಸಗಾರರು ಅದರ ಮೇಲೆ ಹಣ ಕೀಳುವ ಇನ್ನೊಂದು ಚೀಟಿ ಅಂಟಿಸುತ್ತಾರೆ. ಮಹಡಿಯ ಅಕ್ಷರಗಳನ್ನು ಆರಿಸುವಾಗ ಬ-ಭ, ದ-ಧ, ಎ-ಏ ಜೋಡಿಗಳನ್ನು ಬಿಡಿ, ಮಂದ ಬೆಳಕಿನಲ್ಲಿ ಅವು ಒಂದರಂತೆ ಒಂದು ಕಾಣುತ್ತವೆ. ಕ, ಗ, ಜ, ಮ ಸಾಕು. ನಾಲ್ಕು ಮಹಡಿಗಿಂತ ಹೆಚ್ಚಿನ ಪಾರ್ಕಿಂಗ್ ಕಟ್ಟಿದ ದಿನ ಮುಂದಿನದನ್ನು ನೋಡೋಣ.

— ಮೊಬೈಲ್ ತಂತ್ರಾಂಶ ಬರೆಯುವ ಗೆಳೆಯರು, ವಿದ್ಯಾನಗರ, ಹುಬ್ಬಳ್ಳಿ