ವಕಾಲತ್ತಿಗೆ ಸಹಿ ಹಾಕುವ ಮೊದಲು

ಮಾನ್ಯರೇ,

ಶಿರಸಿ, ಕುಮಟಾ, ಕಾರವಾರದ ಕೋರ್ಟುಗಳಿಗೆ ಬರುವ ಕಕ್ಷಿದಾರರು ಮೊದಲು ಕೇಳುವುದು ‘ಕೇಸು ಗೆಲ್ತದಾ?’ ಎಂದು. ಗೆದ್ದೇ ಗೆಲ್ಲುತ್ತದೆ ಎನ್ನುವ ವಕೀಲರಿಂದ ದೂರವಿರುವುದೇ ಲೇಸು. ವಕಾಲತ್ತಿಗೆ, ಅಂದರೆ ನಿಮ್ಮ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕುವ ಮೊದಲು ಕೇಳಬೇಕಾದ್ದು ಗಡುವಿನ ಬಗ್ಗೆ. ಚೆಕ್ ಬೌನ್ಸ್ ಆದರೆ ಚೆಕ್ ವಾಪಸಾಯಿತೆಂಬ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಹೋಗಬೇಕು. ನೋಟಿಸ್ ತಲುಪಿ 15 ದಿನ ಕಳೆದರೂ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ‘ರಾಜಿ ಆಗ್ತದೆ’ ಎಂದು ಕೂತವರೇ ಇಲ್ಲಿ ಹೆಚ್ಚಾಗಿ ಕೆಡುವುದು.

ಅಡಿಕೆ ತೋಟದ ಪಹಣಿಯಲ್ಲಿ ಹೆಸರು ಬಿಟ್ಟುಹೋಯಿತೆಂದು ನೇರ ಸಿವಿಲ್ ಕೋರ್ಟಿಗೆ ಓಡುವವರಿದ್ದಾರೆ. ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಿಸುವ) ಆದೇಶದ ವಿರುದ್ಧ ಮೇಲ್ಮನವಿ ಹೋಗುವುದು ಉಪವಿಭಾಗಾಧಿಕಾರಿ ಮುಂದೆ, 60 ದಿನದೊಳಗೆ. ಪಾಲು ಬೇಕಿದ್ದರೆ, ಹಕ್ಕೇ ತಕರಾರಿನಲ್ಲಿದ್ದರೆ ಸಿವಿಲ್ ದಾವೆ. ಮೊದಲ ಭೇಟಿಗೇ ಪಹಣಿ, ಮ್ಯುಟೇಶನ್ ಪ್ರತಿ, ಸರ್ವೆ ನಕ್ಷೆ, ಋಣಭಾರ ಪತ್ರ, ವಂಶವೃಕ್ಷ ಒಯ್ಯಿರಿ. ಮೂಲಪತ್ರ ಕೊಟ್ಟರೆ ರಸೀದಿ ಪಡೆಯಿರಿ, ಸಂಕೋಚ ಬೇಡ.

ವಕೀಲರ ಫೀ, ಕೋರ್ಟ್ ಫೀ ಬೇರೆಬೇರೆ ಬರೆಸಿಕೊಳ್ಳಿ. ಗೆದ್ದ ಹಣದಲ್ಲಿ ಇಷ್ಟು ಪಾಲು ಎಂಬ ಒಪ್ಪಂದ ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಫೀ ಬಾಕಿಯೆಂದು ಕಡತ ಹಿಡಿದಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಕೇಸು ದಾಖಲಾದ ಮೇಲೆ ಆ ಕೇಸಿನ ಗುರುತಾದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಕೇಳಿ. ಮುಂದಿನ ತಾರೀಖು ಇ-ಕೋರ್ಟ್ಸ್ ಆ್ಯಪಿನಲ್ಲೇ ಕಾಣುತ್ತದೆ.

ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.

– ಓರ್ವ ವಕೀಲ, ಶಿರಸಿ