ಹಾಲಿನ ಪ್ಯಾಕೆಟ್ ತಂದ ಖುಷೀಲಿ ಒಂದಿಷ್ಟು ಥ್ಯಾಂಕ್ಸ್

ಇವತ್ತು ಬೆಳಗ್ಗೆ ಊರುಗೋಲು, ರೇಲಿಂಗ್ ಏನೂ ಹಿಡೀದೆ ಮೆಟ್ಟಿಲು ಇಳ್ದು ಗೇಟ್ ತನಕ ಹೋಗಿ ಹಾಲಿನ ಪ್ಯಾಕೆಟ್ ತಂದೆ. ಸ್ಕೂಟರಿಂದ ಬಿದ್ದು ಮಂಡಿ ಲಿಗಮೆಂಟ್ ಹರಿದು ಆಪರೇಷನ್ ಆಗಿ ಮೂರು ತಿಂಗಳಾಯ್ತು. ಅಮ್ಮಂಗೆ, ಫಿಸಿಯೋ ಮೇಡಂಗೆ ಎದುರಿಗೇ ಹೇಳಿದೀನಿ, ಇನ್ನೂ ಕೆಲವ್ರಿಗೆ ಇಲ್ಲೇ ಹೇಳ್ಬೇಕು.

ಮೊದಲು ನಮ್ಮ ಚಿಕ್ಕಮ್ಮನ ಮಗನಿಗೆ. ನಂಗೆ ಆಟ ಅಂದ್ರೆ ಆಗ್ತಿರ್ಲಿಲ್ಲ ಕಣ್ರೀ, ಸ್ಕೂಲಲ್ಲಿ ಥ್ರೋಬಾಲ್‌ಗೆ ಟೀಮ್ ಆರಿಸ್ವಾಗ ಇಬ್ರು ಕ್ಯಾಪ್ಟನ್‌ಗಳೂ ಒಬ್ಬೊಬ್ರ ಹೆಸ್ರು ಕರೀತಾ ಕರೀತಾ ಕೊನೇಲಿ ನಾನೊಬ್ಳೇ ನಿಂತಿರ್ತಿದ್ದೆ, ಆ ನಿಲ್ಲೋದು ಎಷ್ಟು ನೋವಾಗ್ತಿತ್ತು ಅಂದ್ರೆ ಆಮೇಲೆ ಮನೇಲಿ ಕ್ರಿಕೆಟ್ ಹಾಕಿದ್ರೂ ಎದ್ದು ಹೋಗ್ತಿದ್ದೆ. ಅಂಥವಳಿಗೆ ಇವ್ನು "ಅಕ್ಕಾ, ಮೂರೇ ಮೂರು ಎಪಿಸೋಡ್ ನೋಡು" ಅಂತ ಹೈಕ್ಯೂ ಅನ್ನೋ ಜಪಾನಿ ಅನಿಮೆ, ಅಂದ್ರೆ ಕಾರ್ಟೂನ್ ಸೀರೀಸ್, ಹಚ್ಚಿಕೊಟ್ಟ. ಜಪಾನಿನ ಮಿಯಾಗಿ ಕಡೆಯ ಕರಾಸುನೊ ಅನ್ನೋ ಹೈಸ್ಕೂಲು, ಒಂದು ಕಾಲದಲ್ಲಿ ಹೆಸರು ಮಾಡಿದ್ದ ವಾಲಿಬಾಲ್ ಟೀಮು, ಈಗ ಎಲ್ರೂ ಹಾರೋಕಾಗದ ಕಾಗೆಗಳು ಅಂತಾರೆ. ಅಲ್ಲಿಗೆ 163 ಸೆಂ.ಮೀ. ಕೂಡ ಇಲ್ಲದ ಹಿನಾತಾ ಬರ್ತಾನೆ, ಎಗರೋದೊಂದೇ ಅವನ ಬಂಡವಾಳ.

ಆದ್ರೆ ನನ್ನ ಹಿಡಿದಿಟ್ಟಿದ್ದು ಹಿನಾತಾ ಅಲ್ಲ, ಸೋತವ್ರು. ಟೂರ್ನಮೆಂಟ್‌ನ ಮೊದಲನೇ ಮ್ಯಾಚಲ್ಲಿ ಟೊಕೊನಾಮಿ ಅಂತೊಂದು ಟೀಮ್ ಸೋತು ಮನೆಗೆ ಹೋಗುತ್ತೆ. ಕಥೆ ಮಾಡಿದವ್ರು ಬೇರೆ ಯಾರಾದ್ರೂ ಆಗಿದ್ರೆ ಆ ಟೀಮನ್ನ ಅಲ್ಲಿಗೇ ಬಿಟ್ಬಿಡ್ತಿದ್ರು. ಇಲ್ಲಿ ಹಾಗಲ್ಲ, ಅವ್ರ ಮುಖಾನೂ ತೋರಿಸ್ತಾರೆ, ಅವತ್ತೇ ಸೋತ ಎಷ್ಟೋ ಸ್ಕೂಲಿನ ಮಕ್ಕಳ ಮುಖಾನೂ ತೋರಿಸ್ತಾರೆ, ನಾವೂ ವಾಲಿಬಾಲ್ ಆಡಿದ್ವಿ ಅನ್ನೋ ಅರ್ಥದ ಮಾತು ಬರುತ್ತೆ. ಅದನ್ನ ಕೇಳಿ ತುಂಬಾ ಹೊತ್ತು ಅತ್ತೆ.

ಇನ್ನೊಂದು ಸೀನ್. ಕರಾಸುನೊ ಸೋತ ದಿನ ಕೋಚ್ ಉಕಾಯ್ ಹುಡುಗ್ರನ್ನೆಲ್ಲ ಊಟಕ್ಕೆ ಕರ್ಕೊಂಡು ಹೋಗಿ, ದಣಿದ ಸ್ನಾಯು ಹರಿದಿರುತ್ತೆ, ಅದು ಕೂಡ್ಕೊಂಡು ಗಟ್ಟಿಯಾಗ್ಬೇಕಾದ್ರೆ ತಿನ್ನಬೇಕು ಅಂತಾನೆ. ಒಬ್ರೂ ಮಾತಾಡಲ್ಲ, ಅಳ್ತಾ ಅಳ್ತಾ ಅನ್ನ ತಿಂತಾರೆ. ಅವತ್ತು ನನ್ನ ಮಂಡಿ 90 ಡಿಗ್ರಿಗೂ ಬಗ್ಗಿರ್ಲಿಲ್ಲ, ಎರಡು ದಿನದಿಂದ ಸರಿಯಾಗಿ ಉಂಡಿರ್ಲಿಲ್ಲ. ಎಪಿಸೋಡ್ ಅಲ್ಲೇ ನಿಲ್ಲಿಸಿ "ಅಮ್ಮಾ, ಮುದ್ದೆ ಇದ್ಯಾ" ಅಂದೆ. ಅಮ್ಮ ಬಸ್ಸಾರು ಬಿಸಿ ಮಾಡಿ ತಂದು ಪಕ್ಕದಲ್ಲೇ ಕೂತ್ರು, ಆಮೇಲೆ ಏಳ್ಲೇ ಇಲ್ಲ. ಮೂರನೇ ಸೀಸನ್ ಹತ್ತೂ ಎಪಿಸೋಡು ಒಂದೇ ಮ್ಯಾಚು, ಶಿರಾತೊರಿಜಾವಾ ಜೊತೆ. ಎರಡು ರಾತ್ರೀಲಿ ಮುಗ್ಸಿದ್ವಿ. ಕರಾಸುನೊದ ಕನ್ನಡಕದ ಹುಡುಗ ತ್ಸುಕಿಶಿಮಾ ಎದುರು ಟೀಮಿನ ಉಶಿಜಿಮಾ ಎಗರಿ ಹೊಡೆದ ಸ್ಪೈಕ್ ತಡೆದಾಗ ಅಮ್ಮ ನನ್ನ ಕೈ ಹಿಡ್ಕೊಂಡುಬಿಟ್ರು.

ಯಮಗುಚಿ ಬಗ್ಗೆ ಹೇಳ್ದೆ ಇದ್ರೆ ತಪ್ಪಾಗುತ್ತೆ. ಸರ್ವ್ ಮಾಡೋಕೆ ಅಂತಲೇ ಒಳಗೆ ಕಳಿಸೋ ಹುಡುಗ, ಒಂದ್ಸಲ ಹೆದರಿ, ಕಷ್ಟಪಟ್ಟು ಕಲ್ತ ಸರ್ವ್ ಬಿಟ್ಟು ಸುಮ್ನೆ ಸೇಫಾಗಿ ಹೊಡೀತಾನೆ, ಆಮೇಲೆ ನಾಚಿಕೆಯಿಂದ ಕುಗ್ಗಿ ಕೋಚ್ ಹತ್ರ ಹೋಗಿ ಇನ್ನೊಂದು ಚಾನ್ಸ್ ಕೇಳ್ತಾನೆ. ಮಾರನೇ ದಿನ ನಾನೂ ಫಿಸಿಯೋ ಮೇಡಂಗೆ, ನೋವಿಗೆ ಹೆದರಿ ಮನೇಲಿ ಎಕ್ಸರ್ಸೈಜ್ ಅರ್ಧಕ್ಕೇ ಬಿಡ್ತಿದ್ದೆ, ಮೊದಲಿಂದ ಹೇಳ್ಕೊಡಿ ಅಂದೆ. ಅವ್ರು ಒಂದು ಮಾತೂ ಬೈಲಿಲ್ಲ.

2012ರಿಂದ 2020ರ ತನಕ ಈ ಕಥೆ ಬರೆದು ಚಿತ್ರ ಬಿಡಿಸಿದ ಹಾರುಇಚಿ ಫುರುದಾತೆ ಅವ್ರಿಗೆ, ಅದಕ್ಕೆ ಜೀವ ಕೊಟ್ಟ ಪ್ರೊಡಕ್ಷನ್ ಐ.ಜಿ. ಸ್ಟುಡಿಯೋದವ್ರಿಗೆ ಕೈ ಮುಗೀತೀನಿ. ಕನ್ನಡದಲ್ಲಿ ಬರೆದ ಇದು ಅವ್ರಿಗೆ ತಲುಪಲ್ಲ, ಆದ್ರೂ ಹೇಳ್ಬೇಕಿತ್ತು.

ಭಾನುವಾರ ಚಿಕ್ಕಮ್ಮನ ಊರಲ್ಲಿ ರಾತ್ರಿ ಲೈಟ್ ಹಾಕಿ ವಾಲಿಬಾಲ್ ಮ್ಯಾಚ್ ಇದೆಯಂತೆ, ತಮ್ಮನೂ ಆಡ್ತಾನೆ. ನೆಟ್ ಪಕ್ಕದಲ್ಲಿ ಎರಡು ಕುರ್ಚಿ ಹಿಡಿದಿಡು, ಅಮ್ಮನೂ ಬರ್ತಾರೆ ಅಂತ ಹೇಳಿದೀನಿ.