ಬೆಂಡಿಗಿಂತ ತುಸು ಭಾರದ ಮರ

ಮನ್ಸಿ, ಇಂಡಿಯಾನಾ, ಅಮೆರಿಕ
ಆಗಸ್ಟ್ ಮೊದಲ ಭಾನುವಾರ

ಅಪ್ಪ, ಅಮ್ಮ ಇಬ್ಬರಿಗೂ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಹೋದ ವಾರ ಫೋನಿನಲ್ಲಿ ಅಪ್ಪ ಕೇಳಿದ ಮಾತಿಗೆ ಸರಿಯಾಗಿ ಉತ್ತರ ಕೊಡಲಿಲ್ಲ. ಲೈನ್ ಕಟ್ ಆಯ್ತು. "ಫೋಟೋದಲ್ಲಿ ಕೆಂಪು ವಿಮಾನ ಹಿಡ್ಕೊಂಡು ನಿಂತಿದ್ದೀಯಲ್ಲ, ಅದು ಅಂಗಡಿಯದಾ, ನೀನು ಮಾಡಿದ್ದಾ?" ಅಂತ ಕೇಳಿದ್ರಿ. ನಾನೇ ಮಾಡಿದ್ದು ಅಪ್ಪ. ನಿಜವಾಗಿ ಹಾರುವ ಮಾದರಿ ವಿಮಾನ. ಅಕ್ಟೋಬರಿನಿಂದ ಮೇ ತನಕ, ಎಂಟು ತಿಂಗಳು ಹಿಡಿಯಿತು. ಹೊರಡುವಾಗ ನೀವು ಬಟ್ಟೆಯಲ್ಲಿ ಸುತ್ತಿ ಕೊಟ್ಟ ಸಣ್ಣ ಉಳಿ ಇದೆಯಲ್ಲ, ಅರ್ಧ ಕೆಲಸ ಅದರಲ್ಲೇ ಆಗಿದ್ದು. ಫೋನಿನಲ್ಲಿ ಇದನ್ನೆಲ್ಲ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮೊದಲು ಮರದ ವಿಷಯ. ನಿಮಗೆ ಅದೇ ಮುಖ್ಯ ಅಂತ ಗೊತ್ತು. ಇದು ಬಾಲ್ಸಾ ಅನ್ನುವ ಮರ. ದಕ್ಷಿಣ ಅಮೆರಿಕದ ಎಕ್ವಡಾರ್‌ನಿಂದ ಬರುತ್ತದೆ. ಗಂಧದ ಮರ ಒಂದು ಘನ ಮೀಟರಿಗೆ ಒಂಬೈನೂರು ಕಿಲೋ ತೂಗಿದರೆ, ವಿಮಾನಕ್ಕೆ ಆರಿಸುವ ಬಾಲ್ಸಾ ನೂರು, ನೂರಿಪ್ಪತ್ತು ಕಿಲೋ ತೂಗುತ್ತದೆ ಅಷ್ಟೆ. ಮೊದಲ ಸಲ ಹಲಗೆ ಕೈಗೆತ್ತಿಕೊಂಡಾಗ ನನಗೆ ನೆನಪಾಗಿದ್ದು ನಮ್ಮ ಮನೆಯ ಬೆಂಡು. ಬಾಸಿಂಗಕ್ಕೆ ನೀವು ಬೆಂಡು ಕೊಯ್ಯುವಾಗ ಚೂರುಗಳು ಫ್ಯಾನಿನ ಗಾಳಿಗೆ ಹಾರಿ ಹೋಗುತ್ತಿದ್ದವಲ್ಲ, ಇದು ಅದಕ್ಕಿಂತ ತುಸು ಭಾರ. ಮೆತ್ತಗಿದೆ, ಹಾಗಾಗಿ ಕೊಯ್ಯೋದು ಸುಲಭ ಅಂತ ಅನ್ನಿಸುತ್ತದೆ. ಸುಲಭ ಅಲ್ಲ. ಉಳಿ ಸ್ವಲ್ಪ ಮೊಂಡಾದರೂ ಮರ ಕತ್ತರಿಸುವುದಿಲ್ಲ, ಜಜ್ಜಿ ಹೋಗುತ್ತದೆ. "ಮೆತ್ತನೆಯದಕ್ಕೇ ಜಾಸ್ತಿ ಚೂಪು ಬೇಕು" ಅಂತ ಬೆಂಡಿನ ಮುಂದೆ ಕೂತು ನೀವು ಹೇಳುತ್ತಿದ್ದದ್ದು ಇಲ್ಲಿ ಗ್ಯಾರೇಜಿನಲ್ಲಿ ಅರ್ಥವಾಯಿತು. ದಿನಾ ಕೆಲಸ ಶುರು ಮಾಡುವ ಮೊದಲು ಉಳಿ ಮಸೆಯುತ್ತಿದ್ದೆ.

ಅಮ್ಮ, ನೀನು "ಗಾಳಿಪಟದ ಹಾಗೆ ಏನೋ" ಅಂದೆ. ಹತ್ತಿರ ಬಂದೆ. ಆದರೆ ಗಾಳಿಪಟಕ್ಕೆ ಒಂದೇ ದಾರ, ಇದಕ್ಕೆ ಎರಡು ಉಕ್ಕಿನ ತಂತಿ. ಅರ್ಧ ಮಿಲಿಮೀಟರಿಗಿಂತ ತೆಳು, ಅರವತ್ತು ಅಡಿ ಉದ್ದ. ನಾನು ಬಯಲಿನ ನಡುವೆ ನಿಲ್ಲುತ್ತೇನೆ. ಕೈಯಲ್ಲಿ ಒಂದು ಹಿಡಿ, ಅದರ ಮೇಲೊಂದು ಕೆಳಗೊಂದು ತಂತಿ. ವಿಮಾನ ನನ್ನ ಸುತ್ತ ಗಾಣದ ಎತ್ತಿನ ಹಾಗೆ ಸುತ್ತುತ್ತದೆ. ಆದರೆ ಒಂದು ಸುತ್ತಿಗೆ ಐದು ಸೆಕೆಂಡು ಮಾತ್ರ. ರೇಡಿಯೋ ಇಲ್ಲ, ರಿಮೋಟ್ ಇಲ್ಲ. ತಂತಿಗಳು ಎಡಗಡೆಯ ರೆಕ್ಕೆಯೊಳಗೆ ಹೋಗಿ ಬೆಲ್‌ಕ್ರ್ಯಾಂಕ್ ಅನ್ನುವ ಸಣ್ಣ ಸನ್ನೆಕೋಲಿಗೆ ಸೇರುತ್ತವೆ. ಅಲ್ಲಿಂದ ಒಂದು ಕಡ್ಡಿ ಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗೆ ಹೋಗುತ್ತದೆ. ಮಣಿಕಟ್ಟು ಮೇಲಕ್ಕೆ ಬಾಗಿಸಿದರೆ ಮೂಗು ಮೇಲೆ, ಕೆಳಕ್ಕೆ ಬಾಗಿಸಿದರೆ ಕೆಳಗೆ. ಇಷ್ಟರಲ್ಲೇ ಎಲ್ಲ ಆಟ.

ಇದನ್ನು ಎಲ್ಲರ ಕೈಗೆ ತಲುಪಿಸಿದವರು ಜಿಮ್ ವಾಕರ್. ಒರೆಗಾನ್‌ನ ಪೋರ್ಟ್‌ಲ್ಯಾಂಡ್ ಊರಿನವರು. 1940ರ ಹೊತ್ತಿಗೆ ಫೈರ್‌ಬಾಲ್ ಅನ್ನುವ ವಿಮಾನ ಮಾಡಿ ಮಾರಿದರು. ಎರಡು ಕೈಯಲ್ಲಿ ಎರಡು, ತಲೆಗೆ ಕಟ್ಟಿಕೊಂಡು ಇನ್ನೊಂದು, ಹೀಗೆ ಮೂರು ವಿಮಾನ ಒಟ್ಟಿಗೆ ಹಾರಿಸುತ್ತಿದ್ದರು. ಅದರ ಹಳೆಯ ಫೋಟೋಗಳನ್ನು ನೋಡಿದ್ದೇನೆ.

ನನಗೆ ಇದನ್ನು ಕಲಿಸುತ್ತಿರುವವರು ಪಕ್ಕದ ಬೀದಿಯ ಒಬ್ಬ ಅಜ್ಜ. ಎಪ್ಪತ್ತೆಂಟು ವರ್ಷ. ಹನ್ನೆರಡನೇ ವಯಸ್ಸಿನಲ್ಲಿ ಶಾಲೆಯ ಬಯಲಿನಲ್ಲಿ ರಿಂಗ್‌ಮಾಸ್ಟರ್ ಅನ್ನುವ ವಿಮಾನ ಹಾರಿಸಿದವರು. ಆಗ ಈ ದೇಶದಲ್ಲಿ ಹುಡುಗರೆಲ್ಲ ಅದನ್ನೇ ಕಟ್ಟುತ್ತಿದ್ದರಂತೆ. ನಾನೂ ಮೊದಲು ಕಟ್ಟಿದ್ದು ರಿಂಗ್‌ಮಾಸ್ಟರೇ. ಹೋದ ವರ್ಷ ಬೇಸಿಗೆಯಲ್ಲಿ ತಲೆಕೆಳಗಾಗಿ ಹಾರಿಸೋದನ್ನ ಕಲಿಯುತ್ತಿದ್ದೆ. ವಿಮಾನ ತಲೆಕೆಳಗಾದಾಗ ಮೇಲು ಕೆಳಗಾಗುತ್ತದೆ, ಕೆಳಗು ಮೇಲಾಗುತ್ತದೆ. ತಲೆಗೆ ಇದು ಗೊತ್ತು, ಕೈಗೆ ಗೊತ್ತಿರಲಿಲ್ಲ. ಹೆದರಿ ಮೇಲಕ್ಕೆ ಎಳೆದೆ. ನೇರ ನೆಲಕ್ಕೆ ಹೋಯಿತು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ. ಅಜ್ಜ ಏನೂ ಹೇಳದೆ ಹುಲ್ಲಿನಲ್ಲಿ ಚೂರು ಚೂರು ಆರಿಸಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿದರು. "ಇಂಜಿನ್ ಉಳಿದಿದೆ. ಈ ಸಲ ದೊಡ್ಡದು ಕಟ್ಟು" ಅಂದರು.

ಆ ದೊಡ್ಡದೇ ಈ ಕೆಂಪು ವಿಮಾನ. ಹೆಸರು ನೋಬ್ಲರ್. ಟೆಕ್ಸಸ್‌ನ ಜಾರ್ಜ್ ಆಲ್ಡ್ರಿಚ್ ಅನ್ನುವವರು 1950ರ ದಶಕದ ಶುರುವಿನಲ್ಲಿ ಮಾಡಿದ ನಕ್ಷೆ. ರೆಕ್ಕೆಯ ತುದಿಯಿಂದ ತುದಿಗೆ ಐವತ್ತು ಇಂಚು. ರೆಕ್ಕೆಯ ಹಿಂದೆಯೂ ಪಟ್ಟಿ ಇದೆ, ಬಾಲದ ಪಟ್ಟಿಯೂ ಇದೆ. ಎರಡನ್ನೂ ಒಟ್ಟಿಗೆ ಜೋಡಿಸಿರುತ್ತಾರೆ. ಬಾಲದ್ದು ಮೇಲಕ್ಕೆ ಹೋದಾಗ ರೆಕ್ಕೆಯದ್ದು ಕೆಳಕ್ಕೆ ಬರುತ್ತದೆ. ಆಗ ರೆಕ್ಕೆ ಗಾಳಿಯನ್ನು ಗಟ್ಟಿಯಾಗಿ ಹಿಡಿದು ವಿಮಾನ ಚಿಕ್ಕ ಜಾಗದಲ್ಲೇ ತಿರುಗುತ್ತದೆ. ಇನ್ನೊಂದು ವಿಷಯ ನಿಮಗೆ ಇಷ್ಟವಾಗುತ್ತದೆ ಅಪ್ಪ. ಎಡರೆಕ್ಕೆ ಬಲರೆಕ್ಕೆಗಿಂತ ಸ್ವಲ್ಪ ಉದ್ದ. ಬಲರೆಕ್ಕೆಯ ತುದಿಯಲ್ಲಿ ಒಂದು ಚೂರು ಸೀಸ. ಎಡಗಡೆ ತಂತಿಯ ಭಾರ ಇದೆ, ಅದಕ್ಕೆ ಸರಿತೂಗಬೇಕು. ನೋಡಿದವರಿಗೆ ಎರಡೂ ಕಡೆ ಒಂದೇ ಅನ್ನಿಸುತ್ತದೆ. ಕಟ್ಟಿದವನಿಗೆ ಮಾತ್ರ ಗೊತ್ತು.

ರೆಕ್ಕೆಯೊಳಗೆ ಪಕ್ಕೆಲುಬಿನ ಹಾಗೆ ಸಾಲಾಗಿ ತೆಳು ಹಲಗೆಗಳಿರುತ್ತವೆ. ರಿಬ್ ಅಂತಲೇ ಅದಕ್ಕೆ ಹೆಸರು. ಒಂದೊಂದೂ ಒಂದೂವರೆ ಮಿಲಿಮೀಟರ್ ದಪ್ಪ. ಅಕ್ಟೋಬರ್ ಪೂರ್ತಿ ಇವನ್ನು ಕೊಯ್ಯುವುದರಲ್ಲೇ ಹೋಯಿತು. ರೆಕ್ಕೆ ಒಂದು ಕೂದಲಿನಷ್ಟು ತಿರುಚಿಕೊಂಡರೂ ಕೊನೆಗೆ ಹಾರುವಾಗ ಗೊತ್ತಾಗುತ್ತದೆ. ಅದಕ್ಕೇ ಅಜ್ಜ ಎರಡು ನೇರ ಉಕ್ಕಿನ ಸರಳು ಕೊಟ್ಟರು. ಪಕ್ಕೆಲುಬುಗಳನ್ನೆಲ್ಲ ಅದರಲ್ಲಿ ಪೋಣಿಸಿ, ಅಂಟು ಪೂರ್ತಿ ಒಣಗಿದ ಮೇಲೆ ಸರಳು ಎಳೆದು ತೆಗೆದೆ.

ಮೂಗಿನ ಭಾಗಕ್ಕೆ ಬಾಲ್ಸಾ ತುಂಡು ಅಂಟಿಸಿ, ಹೊರಗೆ ರೂಪ ಕೊಟ್ಟು, ಆಮೇಲೆ ಒಳಗಿಂದ ಕೊರೆಯಬೇಕು. ಅಲ್ಲಿ ನಿಮ್ಮ ಉಳಿ ಬಿಟ್ಟರೆ ಬೇರೆ ಏನೂ ನಡೆಯಲಿಲ್ಲ. ಎಷ್ಟು ಕೊರೆದದ್ದು ಸಾಕು ಅಂತ ನೋಡಲು ಒಳಗೆ ಬಲ್ಬು ಹಿಡಿಯುತ್ತಿದ್ದೆ. ಮರ ತೆಳ್ಳಗಾದಲ್ಲಿ ಕೆಂಪಗೆ ಬೆಳಕು ಕಾಣುತ್ತದೆ, ದಪ್ಪ ಇದ್ದಲ್ಲಿ ಕತ್ತಲು. ಎಲ್ಲ ಕಡೆ ಒಂದೇ ಬೆಳಕು ಬರುವ ತನಕ ಕೊರೆದೆ. ಒಂದು ರಾತ್ರಿ ಎರಡು ಗಂಟೆ ಆಗಿತ್ತು. ಹೊರಗೆ ಹಿಮ. ಆನೆಯ ಹೊಟ್ಟೆಯೊಳಗೆ ಮರಿಯಾನೆ ಕಾಣುವ ಹಾಗೆ ನೀವು ಜಾಲರಿ ಕೆತ್ತುತ್ತಿದ್ದಿರಲ್ಲ, ಆಗ ನಾನು ಟಾರ್ಚು ಹಿಡಿದು ಕೂರುತ್ತಿದ್ದೆ. ಆ ರಾತ್ರಿ ಅದೇ ನೆನಪು ಬಂತು.

ಆಮೇಲೆ ಮೈಗೆ ಹೊದಿಸುವ ಕೆಲಸ. ಸಿಲ್ಕ್‌ಸ್ಪ್ಯಾನ್ ಅನ್ನುವ ತೆಳು ಕಾಗದವನ್ನು ಒದ್ದೆ ಮಾಡಿ ಮೆಲ್ಲಗೆ ಹಾಸಬೇಕು. ಒಣಗುತ್ತಾ ಬಿಗಿಯುತ್ತದೆ. ಮೇಲೆ ಡೋಪ್ ಅನ್ನುವ ವಾರ್ನಿಶ್ ಬಳಿದರೆ ಮದ್ದಳೆಯ ಹಾಗೆ ಟಣ್ ಅನ್ನುತ್ತದೆ. ಡೋಪಿಗೆ ಮಕ್ಕಳ ಪೌಡರು ಕಲಸಿ ಬಳಿದು, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಳಿದು, ಮತ್ತೆ ಉಜ್ಜಿ, ಮರದ ಎಳೆ ಕಾಣದ ಹಾಗೆ ಮಾಡಬೇಕು. ಬಳಿದದ್ದರಲ್ಲಿ ಮುಕ್ಕಾಲು ಪಾಲು ಉಜ್ಜಿ ತೆಗೆಯೋದೇ. ಇಲ್ಲದಿದ್ದರೆ ಭಾರ ಏರುತ್ತದೆ. ಮೇ ತಿಂಗಳ ಒಂದು ಮಳೆಯ ದಿನ ಆತುರ ಮಾಡಿ ಬಣ್ಣ ಹೊಡೆದೆ. ಗಾಳಿಯಲ್ಲಿ ತೇವ ಇದ್ದರೆ ಡೋಪ್ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಒಂದು ರೆಕ್ಕೆ ಪೂರ್ತಿ ಹಾಗಾಯಿತು. ನಮ್ಮೂರು ಸಾಗರದ ಮಳೆ ಕಂಡವನಿಗೆ ಮೊದಲೇ ಹೊಳೆಯಬೇಕಿತ್ತು. ಬಿಸಿಲು ಬರುವ ತನಕ ನಾಲ್ಕು ದಿನ ಕಾದು ಮತ್ತೆ ಹೊಡೆದೆ. ಈಗ ಪೂರ್ತಿ ವಿಮಾನ ತೂಗಿದರೆ ಒಂದು ಕಿಲೋ ಇನ್ನೂರು ಗ್ರಾಂ.

ಇಂಜಿನ್ ಫಾಕ್ಸ್ 35. ಅರ್ಕಾನ್ಸಾಸ್‌ನ ಫೋರ್ಟ್ ಸ್ಮಿತ್ ಊರಿನ ಕಂಪನಿಯದು. ಹೆಚ್ಚುಕಮ್ಮಿ ಆರು ಸಿಸಿ. ಈಗ ತುಂಬ ಜನ ಬ್ಯಾಟರಿ ಮೋಟರ್ ಹಾಕುತ್ತಾರೆ, ಅದು ಚೆನ್ನಾಗಿಯೇ ಹಾರುತ್ತದೆ. ನನಗೆ ಮಾತ್ರ ಈ ಇಂಜಿನ್ ಮೇಲೆ ಜೀವ. ನೇರ ಹಾರುವಾಗ ಮೂಗಿನ ಫ್ಯಾನಿನ ಒಂದು ಬಿಟ್ಟು ಒಂದು ಸುತ್ತಿಗೆ ಮಾತ್ರ ಇದು ಉರಿಯುತ್ತಾ ಗುರುಗುಟ್ಟುತ್ತದೆ. ಮೂಗು ಎತ್ತಿದ ಕೂಡಲೆ ಪ್ರತಿ ಸುತ್ತಿಗೂ ಉರಿದು ಸದ್ದು ಏರುತ್ತದೆ, ಶಕ್ತಿ ಬರುತ್ತದೆ. ಮತ್ತೆ ನೇರವಾದರೆ ಮತ್ತೆ ಗುರುಗುರು. ಯಾರೂ ಏನೂ ತಿರುಗಿಸಬೇಕಿಲ್ಲ. ಘಾಟಿ ಏರುವಾಗ ಡ್ರೈವರ್ ಗೇರ್ ಬದಲಿಸುತ್ತಾನಲ್ಲ, ಇದು ತಾನೇ ಬದಲಿಸಿಕೊಳ್ಳುತ್ತದೆ.

ಅಮ್ಮ, ಈ ಇಂಜಿನ್ನಿಗೆ ಹಾಕುವ ಎಣ್ಣೆ ಯಾವುದು ಗೊತ್ತಾ? ಹರಳೆಣ್ಣೆ! ಮೆಥನಾಲ್‌ನಲ್ಲಿ ಕಲಸಿ ಹಾಕುತ್ತಾರೆ. ಕಾಲು ಪಾಲಿಗಿಂತ ಜಾಸ್ತಿ ಹರಳೆಣ್ಣೆಯೇ. ಗಾಡಿಗೆ ಹಾಕುವ ಮಾಮೂಲಿ ಇಂಜಿನ್ ಆಯಿಲ್ ಮೆಥನಾಲ್ ಜೊತೆ ಬೆರೆಯುವುದಿಲ್ಲ, ಇದು ಬೆರೆಯುತ್ತದೆ. ತುಂಬ ಕಾದರೂ ಲೋಹವನ್ನು ಸುಲಭಕ್ಕೆ ಬಿಡುವುದಿಲ್ಲ. ಹಾರಿಸಿ ಬಂದ ದಿನ ಶರ್ಟಿಗೆಲ್ಲ ಅದೇ ವಾಸನೆ. ನೆತ್ತಿಗೆ ಹರಳೆಣ್ಣೆ ತಟ್ಟಿ ಬಚ್ಚಲಿಗೆ ಓಡಿಸುತ್ತಿದ್ದೆಯಲ್ಲ, ಆ ಶನಿವಾರಗಳ ವಾಸನೆ. ಇಷ್ಟು ದೂರದಲ್ಲಿ, ಜೋಳದ ಹೊಲಗಳ ನಡುವೆ.

ಮೊದಲ ಹಾರಾಟ ಮೇ ಕೊನೆಯ ಭಾನುವಾರ. ಅಜ್ಜ ವಿಮಾನ ಹಿಡಿದುಕೊಂಡರು. ನಾನು ನಡುವೆ ಹೋಗಿ ಹಿಡಿಯ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡೆ. ಕೈ ಜಾರಿದರೂ ವಿಮಾನ ತಪ್ಪಿಸಿಕೊಳ್ಳಬಾರದು ಅಂತ ಈ ಕಟ್ಟು. ತಲೆ ಆಡಿಸಿದೆ, ಅವರು ಬಿಟ್ಟರು. ಎರಡನೇ ಸುತ್ತಿನಲ್ಲಿ ಕೈಗೆ ಅದರ ಎಳೆತ ಬಂತು. ಮೂರೂವರೆ, ನಾಲ್ಕು ಕಿಲೋ ಎಳೆಯುತ್ತದೆ. ಕೊಟ್ಟಿಗೆಯಿಂದ ಬಿಟ್ಟ ಕರು ಹಗ್ಗ ಎಳೆಯುತ್ತದಲ್ಲ, ಹಾಗೆ. ಆ ಎಳೆತ ಇರುವ ತನಕ ವಿಮಾನ ನನ್ನ ಮಾತು ಕೇಳುತ್ತದೆ. ತಂತಿ ಸಡಿಲವಾದರೆ ಕೇಳುವುದಿಲ್ಲ, ಆಗ ಹಿಂದಕ್ಕೆ ಓಡಬೇಕು. ಅವತ್ತು ಆಕಾಶದಲ್ಲಿ ಮೂರು ಸಲ ಲಾಗ ಹಾಕಿಸಿದೆ. ಆಮೇಲೆ ತಲೆಕೆಳಗು ಮಾಡಿ ಎರಡು ಸುತ್ತು. ಈ ಸಲ ಕೈ ಹೆದರಲಿಲ್ಲ. ಗಾಲಿ ಮೇಲೆ, ರೆಕ್ಕೆ ಕೆಳಗೆ, ಎದೆಯ ಎತ್ತರದಲ್ಲಿ ಹುಲ್ಲಿನ ಮೇಲೆ ಹೋಗುತ್ತಿತ್ತು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸೋಕೆ ಇದರಲ್ಲಿ ದಾರಿಯಿಲ್ಲ. ಇಂಧನ ಮುಗಿದಾಗ ಇಂಜಿನ್ ತಾನೇ ನಿಲ್ಲುತ್ತದೆ. ಆರು ನಿಮಿಷಕ್ಕೆ ಸದ್ದು ನಿಂತಿತು. ಬರೀ ತಂತಿಯ ಸುಯ್ ಅನ್ನುವ ಸದ್ದು. ಇಳಿಯಿತು. ಅಜ್ಜ ಚಪ್ಪಾಳೆ ತಟ್ಟಿದರು.

ಈ ಊರಿನಲ್ಲೇ ಮಾದರಿ ವಿಮಾನದವರ ರಾಷ್ಟ್ರೀಯ ಸಂಘದ ಕಚೇರಿ, ಮ್ಯೂಸಿಯಂ, ಸುಮಾರು ಸಾವಿರ ಎಕರೆ ಬಯಲು ಇದೆ. ಜುಲೈನಲ್ಲಿ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ನಾನು ಇಳಿಯಲಿಲ್ಲ. ಅಜ್ಜ 'ಕ್ಲಾಸಿಕ್' ವಿಭಾಗದಲ್ಲಿ ಹಾರಿಸಿದರು. ಅದರಲ್ಲಿ 1969ರ ಕೊನೆಯೊಳಗಿನ ನಕ್ಷೆಗಳಿಗೆ ಮಾತ್ರ ಜಾಗ. ನಾನು ಅವರ ವಿಮಾನ ಹಿಡಿದು ಬಿಡುವ ಕೆಲಸ ಮಾಡಿದೆ. ಚೌಕ, ತ್ರಿಕೋನ, ಅಡ್ಡ ಎಂಟು, ನಿಂತ ಎಂಟು, ಮರಳು ಗಡಿಯಾರ, ತಲೆಯ ಮೇಲೆಯೇ ಎಂಟು, ಕೊನೆಗೆ ನಾಲ್ಕು ಎಸಳಿನ ಹೂವು. ಅಪ್ಪ, ಗಾಳಿಯಲ್ಲಿ ಕೆತ್ತಿದ ಹಾಗೆ ಕಾಣುತ್ತದೆ. ಚೌಕದ ಮೂಲೆ ಮೂಲೆಯಾಗಿಯೇ ಇರಬೇಕು. ಹೆಚ್ಚಿನ ಆಕಾರಗಳ ತಳ ಐದಡಿ ಎತ್ತರಕ್ಕೇ ಬಂದು ನಿಲ್ಲಬೇಕು. ತೀರ್ಪುಗಾರರು ಹೊರಗೆ ನಿಂತು ಒಂದೊಂದಕ್ಕೂ ಅಂಕ ಹಾಕುತ್ತಾರೆ.

ದೊಡ್ಡ ಸ್ಪರ್ಧೆಗೆ ಮೊದಲು ವಿಮಾನಗಳನ್ನೆಲ್ಲ ಒಂದು ಹಾಲ್‌ನಲ್ಲಿ ಸಾಲಾಗಿ ಇಡುತ್ತಾರೆ. ಅಂದಕ್ಕೂ ಅಂಕ ಇದೆ, ಇಪ್ಪತ್ತರವರೆಗೆ. ತಾನೇ ಕಟ್ಟಿದವರಿಗೆ ಮಾತ್ರ ಅದು ಸಿಗುತ್ತದೆ. ನೆಲದ ಮೇಲೆ ಮಂಡಿಯೂರಿ ಬಣ್ಣದ ಅಂಚು, ಕೀಲು, ರೆಕ್ಕೆ ಮೈಗೆ ಸೇರುವ ಜಾಗ ಎಲ್ಲ ನೋಡುತ್ತಾರೆ. ಮೊದಲ ಸಾಲಿನಲ್ಲಿದ್ದವನ್ನು ನೋಡುತ್ತಾ ನಾನು ಒಂದು ಗಂಟೆ ನಿಂತೆ. ನೀವು ಇಲ್ಲಿ ಇರಬೇಕಿತ್ತು ಅನ್ನಿಸಿತು. ಇವರ ಭಾಷೆ ನಿಮಗೆ ಬರದಿದ್ದರೂ ಆ ಸಾಲಿನ ಮುಂದೆ ನಿಮಗೆ ದುಭಾಷಿ ಬೇಕಾಗುತ್ತಿರಲಿಲ್ಲ.

ಅಕ್ಕನ ಮಗಳಿಗೆ ಹೇಳಿ. ಬೆಂಗಳೂರಿನ ಕಾಲೇಜಿಗೆ ಸೇರಿದಾಗ ಎನ್‌ಸಿಸಿ ಏರ್ ವಿಂಗ್ ಇದೆಯಾ ಅಂತ ವಿಚಾರಿಸಲಿ. ಅಲ್ಲಿ ಈ ತಂತಿಯ ವಿಮಾನಗಳನ್ನು ಮಾಡಿಸುತ್ತಾರೆ, ಹಾರಿಸುತ್ತಾರೆ. ಅವಳ ಕೈ ಚೆನ್ನಾಗಿದೆ.

ಈಗ ಕೇಳಬೇಕಾದ ಮಾತು. ಕಣ್ಣಿನ ಆಪರೇಷನ್ ಆಗಿ ಆರು ತಿಂಗಳಾದರೂ ನೀವು ಉಳಿ ಮುಟ್ಟಿಲ್ಲವಂತೆ. ಡಾಕ್ಟರು ಬೇಡ ಅಂದಿಲ್ಲ, ಅಮ್ಮನನ್ನು ಕೇಳಿ ತಿಳಿದುಕೊಂಡಿದ್ದೇನೆ. ಅಪ್ಪ, ನನ್ನ ವಿಮಾನದ ಕಾಕ್‌ಪಿಟ್ ಖಾಲಿ ಇದೆ. ಮೇಲೆ ಗಾಜಿನಂಥ ಪ್ಲಾಸ್ಟಿಕ್ ಮುಚ್ಚಳ ಇದೆ, ಒಳಗೆ ಯಾರೂ ಇಲ್ಲ. ಅಜ್ಜನೂ ಮೊದಲು ನೋಡಿದಾಗ ಅದನ್ನೇ ಹೇಳಿದರು. ಅಂಗಡಿಯಲ್ಲಿ ಪ್ಲಾಸ್ಟಿಕ್ ಪೈಲಟ್ ಸಿಗುತ್ತದೆ. ನನಗೆ ಅದು ಬೇಡ. ಎದೆಯ ತನಕ ಸಾಕು. ಎತ್ತರ ಒಂದೂವರೆ ಇಂಚು ಮೀರಬಾರದು, ಹೆಗಲ ಅಗಲ ಒಂದು ಇಂಚು. ಗಂಧದಲ್ಲಿ ಮಾಡಬೇಡಿ, ಭಾರವಾಗುತ್ತದೆ. ಬೆಂಡಿನಲ್ಲಿ ಮಾಡಿ. ಕೊಡತಿ ಎತ್ತುವ ಕೆಲಸ ಇಲ್ಲ, ಚೂಪಾದ ಕತ್ತಿ ಸಾಕು. ಐದು ಗ್ರಾಂ ಒಳಗೆ ಬಂದರೆ ಒಳ್ಳೆಯದು. ಮುಖ ಸ್ವಲ್ಪ ಎಡಕ್ಕೆ ತಿರುಗಿರಲಿ, ವೃತ್ತದ ನಡುವೆ ನಿಂತ ನನ್ನ ಕಡೆ ನೋಡುವ ಹಾಗೆ. ಬಣ್ಣ ಬೇಡ, ನಾನು ಇಲ್ಲಿ ಹಾಕುತ್ತೇನೆ.

ಹತ್ತಿಯಲ್ಲಿ ಸುತ್ತಿ ಬೆಂಕಿಪೆಟ್ಟಿಗೆಯಲ್ಲಿಟ್ಟು ಅಕ್ಕನ ಕೈಗೆ ಕೊಡಿ, ಅವಳು ಪೋಸ್ಟ್ ಮಾಡುತ್ತಾಳೆ. ಮುಚ್ಚಳವನ್ನು ಇನ್ನೂ ಅಂಟಿಸಿಲ್ಲ.

ನಿಮ್ಮ ಮಗ